ಅಳತೆ ಪುಸ್ತಕ

ಮೂವತ್ತೊಂದು ವರ್ಷ ನಾನು ಹೊಲಿದದ್ದು ಬಿಳಿ ಕೋಟು.
ಅತ್ತಾವರದ ಮಹಡಿಯಲ್ಲಿ ಒಂದೇ ಕೋಣೆ, ಎರಡು ಮಿಷನ್ನು,
ಕಿಟಕಿಯಾಚೆ ಮೆಡಿಕಲ್ ಓದುವ ಮಕ್ಕಳ ಹಾಸ್ಟೆಲು.
ಎದೆಗೊಂದು ಜೇಬು, ಬದಿಗೆರಡು, ಹಿಂದೊಂದು ಸೀಳು.
ಬಿಳಿ ಬಣ್ಣಕ್ಕೆ ಹೆದರಿದವನೇ ಅಲ್ಲ ನಾನು.

ಆದರೆ ನೋಡಿ,
ಅದೇ ಕೋಟಿನೊಳಗೆ ಒಬ್ಬರು ಹೊಕ್ಕು
ಸ್ಟೂಲು ಎಳೆದು ಎದುರು ಕೂತು
ನನ್ನ ತೋಳಿಗೆ ಪಟ್ಟಿ ಸುತ್ತಿದರೆ
ಎದೆಯಲ್ಲಿ ಯಾರೋ ಪೆಡಲು ತುಳಿಯತೊಡಗುತ್ತಾರೆ.
ನೂರ ಅರವತ್ತೆಂಟು, ತೊಂಬತ್ತೆಂಟು.
"ಟೆನ್ಷನ್ ಉಂಟಾ ಶೇಖರಣ್ಣ?"
ಇಲ್ಲ ಎನ್ನುತ್ತೇನೆ. ಪಟ್ಟಿ ಇನ್ನೊಮ್ಮೆ ಉಬ್ಬುತ್ತದೆ.
ನೂರ ಎಪ್ಪತ್ತೆರಡು.

ಕೇಳಿದವರು ಡಾಕ್ಟರ್ ರೆನಿಟಾ.
ಮೊದಲ ವರ್ಷದ ಕೋಟು ನನ್ನಲ್ಲೇ ಹೊಲಿಸಿದ್ದು;
ಎಡ ಹೆಗಲು ಕಾಲಿಂಚು ಇಳಿಜಾರು, ಈಗಲೂ ನೆನಪು.
ಮಾತ್ರೆ ಬರೆಯಲು ತೆಗೆದ ಪೆನ್ನು ಮುಚ್ಚಿ ಅಂದರು:
"ನಮ್ಮನ್ನು ಕಂಡರೆ ಮಾತ್ರ ಏರುವ ಬಿಪಿಯೂ ಉಂಟು.
ಮನೆಗೊಂದು ಮಿಷನ್ ತನ್ನಿ. ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ,
ಏಳು ದಿನ. ಮೊದಲು ಐದು ನಿಮಿಷ ಸುಮ್ಮನೆ ಕೂತು,
ಬೆನ್ನು ಒರಗಿಸಿ. ಮಾತಿಲ್ಲದೆ."

ನಗು ಬಂತು. ಇದು ನನ್ನದೇ ಕಸುಬಲ್ಲವೇ!
ಟೇಪು ಕಂಡೊಡನೆ ಗಂಡಸರು ಹೊಟ್ಟೆ ಒಳಗೆಳೆಯುತ್ತಾರೆ,
ಉಸಿರು ಕಟ್ಟಿ ನಿಲ್ಲುತ್ತಾರೆ.
ಆ ಅಳತೆಗೆ ಹೊಲಿದ ಪ್ಯಾಂಟು
ಮದುವೆಯೂಟದ ಮೊದಲ ಪಂಕ್ತಿಗೇ ಬಾಯಿಬಿಡುತ್ತದೆ.
ಅದಕ್ಕೇ ನಾನು ಟೇಪು ಹಿಡಿದು ಬಂಗುಡೆಯ ರೇಟು ಕೇಳುತ್ತೇನೆ.
ಉತ್ತರ ಹೇಳುವಷ್ಟರಲ್ಲಿ
ಹೊಟ್ಟೆ ತನ್ನ ಜಾಗಕ್ಕೆ ಬಂದಿರುತ್ತದೆ. ಆಗ ಬರೆದುಕೊಳ್ಳುತ್ತೇನೆ.

ಏಳು ದಿನ ಬರೆದೆ, ಅಳತೆ ಪುಸ್ತಕದಲ್ಲೇ,
ಯಾರದೋ ಕಾಲರು, ಯಾರದೋ ತೋಳುದ್ದದ ಕೆಳಗೆ.
ನೂರ ಇಪ್ಪತ್ತಾರು. ನೂರ ಇಪ್ಪತ್ತೆರಡು.
ಕರೆಂಟು ಹೋಗಿ ಸೆಕೆಯಲ್ಲಿ ಬೆಂದ ರಾತ್ರಿಯೂ ನೂರ ಇಪ್ಪತ್ತೆಂಟು.

ಹಿಗ್ಗಿ ಓಡಿದೆ. ಪುಟ ನೋಡಿ ರೆನಿಟಾ ಅರ್ಧವೇ ನಕ್ಕರು.
"ಮಾತ್ರೆ ಈಗ ಬೇಡ. ಹಾಗೆಂದು ಮರೆಯುವುದೂ ಬೇಡ.
ಇಲ್ಲಿ ಏರಿ ರೂಢಿಯಾದದ್ದು
ಮುಂದೊಂದು ದಿನ ಮನೆಯಲ್ಲೂ ಏರಲು ಕಲಿಯಬಹುದು.
ಉಪ್ಪಡ್ ಪಚ್ಚಿಲ್, ಒಣಮೀನು ಕಡಿಮೆ ಮಾಡಿ. ನಡೆಯಿರಿ.
ವರ್ಷ ಕಳೆದ ಮೇಲೆ ಪುನಃ ಏಳು ದಿನ."
ತಿಳಿಯಿತು: ಹೊಲಿಗೆ ಬಿಚ್ಚಿಲ್ಲ,
ಒಂದು ದಾರ ಸಡಿಲ. ಕಣ್ಣಿಟ್ಟಿರಬೇಕು.

ಮನೆಯಲ್ಲಿ ವಾರಿಜ ಕಾಜಾ ಹೊಲಿಯುತ್ತಿದ್ದಳು.
ಗಂಟೆ ಹನ್ನೊಂದು. ಬೆಳಗಾದರೆ ನಲ್ವತ್ತು ಕೋಟು, ಇನ್ನೂರು ಗುಂಡಿ.
ಡಾಕ್ಟರರ ಬಳಿ ಅವಳದು ಯಾವಾಗಲೂ ನೂರ ಹದಿನೆಂಟು,
ನರ್ಸಮ್ಮನ ಜೊತೆ ನಗುತ್ತ ಕೈ ಚಾಚುವವಳು.
ಆಸ್ಪತ್ರೆಯ ಬೆಂಚೆಂದರೆ ಅವಳಿಗೆ ರಜೆ,
ಅಲ್ಲಿ ಯಾರೂ ಚಾ ಕೇಳುವುದಿಲ್ಲ.
ತಮಾಷೆಗೆಂದು ಪಟ್ಟಿ ಸುತ್ತಿದೆ.
"ಬಿಡಿ ಮಾರಾಯ್ರೆ, ನನಗೆಂತ ಆಗಿದೆ?"
ನೂರ ಐವತ್ತನಾಲ್ಕು.

ಐದು ನಿಮಿಷ ಸುಮ್ಮನೆ ಕೂರು ಎಂದೆ.
ಸುಮ್ಮನೆ ಕೂರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.
ಬೆರಳು ಮಡಿಲಲ್ಲಿ ಸೂಜಿ ಹುಡುಕುತ್ತಿತ್ತು.
ಬಂಗುಡೆಯ ರೇಟು ಕೇಳಲು ಬಾಯಿ ತೆರೆದೆ, ಮುಚ್ಚಿದೆ.
ನೂರ ಐವತ್ತೆರಡು.

ನನ್ನದು ಬಿಳಿ ಕೋಟಿನ ಎದುರು ಏರುವುದು.
ಅವಳದು, ಕೋಟುಗಳು ಗಂಟು ಕಟ್ಟಿಕೊಂಡು
ಮನೆಗೆ ಬಂದ ಮೇಲೆ.

ಊರಿನವರ ಅಳತೆಯೆಲ್ಲ ಇರುವ ಪುಸ್ತಕದಲ್ಲಿ
ಅವಳ ಹೆಸರಿಗೊಂದು ಪುಟ ಇರಲಿಲ್ಲ.
ತೆರೆದೆ. ತಾರೀಕು ಹಾಕಿದೆ.
ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿ ದೀಪ ಆರಿಸಿದೆ.

ಬೆಳಿಗ್ಗೆ ಮಕ್ಕಳು ಬರಲಿ.
ಗುಂಡಿಯಿಲ್ಲದ ಕೋಟಿನಲ್ಲಿ ಒಂದು ದಿನ
ಯಾರನ್ನೂ ಹೆದರಿಸದೆ ಓಡಾಡಲಿ.